ಬಾವೊಬಾಬ್ ಎಲೆ ಮುಟುರು: ಕಾಂಡ ನೋಡಿ, ಆಮೇಲೆ ಔಷಧಿ

ಸವಣೂರಿನ ಮಠದ ಆವರಣದಲ್ಲೂ ವಿಜಯಪುರದ ಸುತ್ತಲೂ ದೊಡ್ಡಹುಣಸೆ ಎಂದೇ ಜನ ಗುರುತಿಸುವ ಬಾವೊಬಾಬ್ ಮೂಲತಃ ಆಫ್ರಿಕಾದ ಮರ. ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಹತ್ತಿ, ಬೆಂಡೆ, ದಾಸವಾಳಗಳ ಕುಟುಂಬಕ್ಕೆ ಸೇರಿದ್ದು. ಈಚೆಗೆ ಇದನ್ನು ಕುಂಡದಲ್ಲಿ, ಬೋನ್ಸಾಯ್ ತಟ್ಟೆಯಲ್ಲಿ ಬೆಳೆಸುವವರೂ ಇದ್ದಾರೆ. ಎಲೆ ಮುದುಡಿತೆಂದು ಅವರು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ನೀರು ಹಾಕಿ, ಇಲ್ಲವೇ ಬೇವಿನೆಣ್ಣೆ ಹೊಡೆಯಿರಿ. ಎರಡೂ ಕೆಲವೊಮ್ಮೆ ಸರಿ. ಆದರೆ ಪರೀಕ್ಷೆಗೆ ಮೊದಲೇ ಕೊಟ್ಟ ಚಿಕಿತ್ಸೆ. ಈ ಮರದ ಮಟ್ಟಿಗೆ ತಿಂಗಳು ಯಾವುದು, ಕಾಂಡ ಹೇಗಿದೆ ಎಂಬುದನ್ನು ನೋಡಿದ ಮೇಲೆಯೇ ಎಲೆಯತ್ತ ಬರಬೇಕು ಎಂಬುದು ನನ್ನ ವಾದ.

ಕಾರಣ ಮರದ ನೀರಿನ ಲೆಕ್ಕಾಚಾರದಲ್ಲಿದೆ. ಅಷ್ಟು ದಪ್ಪದ ಕಾಂಡದಲ್ಲಿ ನೀರು ತುಂಬಿಕೊಂಡ ಮರಕ್ಕೆ ಎಲೆ ಬಾಡುವ ಪ್ರಮೇಯವೆಲ್ಲಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಸಹಾರಾ ಮೂನ್ ಚಾಪೊಟಿನ್ ಮತ್ತು ಸಂಗಡಿಗರು ಮಡಗಾಸ್ಕರ್‌ನ ಬಾವೊಬಾಬ್‌ಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ತಿದ್ದಿತು. ಮಳೆಗಾಲಕ್ಕೆ ಮುಂಚೆ ಹೊಸ ಎಲೆ ಚಿಗುರಿಸಲು ಮರ ಕಾಂಡದ ನೀರನ್ನು ಬಳಸುತ್ತದೆ. ಆದರೆ ಆ ಎಲೆಗಳ ಪತ್ರರಂಧ್ರಗಳನ್ನು ತೆರೆದಿಟ್ಟು ಪೂರ್ಣ ಪ್ರಮಾಣದಲ್ಲಿ ಕೆಲಸ ನಡೆಸಲು ಬಳಸುವುದಿಲ್ಲ. ಅದಕ್ಕೆ ಮಳೆ ಬಂದು ಮಣ್ಣು ನೆನೆಯಬೇಕು. ಅಂದರೆ ಕಾಂಡದ ನೀರು ದಿನಖರ್ಚಿನ ದುಡ್ಡಲ್ಲ, ಇಡುಗಂಟು. ಬರ ಬಿದ್ದಾಗ ಮರ ಎಲೆಯನ್ನು ಕೈಬಿಟ್ಟು ಕಾಂಡವನ್ನು ಉಳಿಸಿಕೊಳ್ಳುತ್ತದೆ.

ಹಾಗಾಗಿ ಮೊದಲ ಪ್ರಶ್ನೆ: ಈಗ ಯಾವ ಕಾಲ? ಮಳೆ ನಿಂತು ಚಳಿ ಕಾಲಿಟ್ಟ ಮೇಲೆ ಹಳೆಯ ಎಲೆಗಳು ಕೆಳಗಿನಿಂದ ಹಳದಿಯಾಗಿ, ಅಂಚು ಮಡಚಿಕೊಂಡು ಉದುರಿದರೆ ಅದು ರೋಗವಲ್ಲ, ಮರದ ವಾರ್ಷಿಕ ಪದ್ಧತಿ. ಈ ಹಂತದಲ್ಲಿ ಗಾಬರಿಯಾಗಿ ಸುರಿಯುವ ನೀರೇ ಕುಂಡದ ಗಿಡಗಳನ್ನು ಕೊಲ್ಲುತ್ತದೆ. ಎಲೆಯಿಲ್ಲದ ಗಿಡ ನೀರನ್ನು ಹೀರುವುದು ಅತ್ಯಲ್ಪ. ತಂಪಾದ ಒದ್ದೆ ಮಣ್ಣಿನಲ್ಲಿ ಗೆಡ್ಡೆಯಂಥ ತಾಯಿಬೇರು ಕೊಳೆಯತೊಡಗುತ್ತದೆ.

ಎರಡನೆಯದು ಕಾಂಡ. ಮಣ್ಣಿನ ಮಟ್ಟದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿದ್ದು ಸಿಪ್ಪೆ ಮಾತ್ರ ಕೊಂಚ ಸುಕ್ಕುಗಟ್ಟಿದ್ದರೆ, ಮಣ್ಣೂ ಎರಡಂಗುಲ ಆಳದವರೆಗೆ ಒಣಗಿದ್ದರೆ, ಅದು ಬಾಯಾರಿಕೆ. ತಳದ ತೂತಿನಿಂದ ಹರಿಯುವಷ್ಟು ಒಮ್ಮೆ ನೀರುಣಿಸಿ, ಮತ್ತೆ ಮೇಲ್ಮಣ್ಣು ಒಣಗುವತನಕ ಕಾದರೆ ಸಾಕು. ಒತ್ತಿದಾಗ ಬುಡ ಮೆತ್ತಗಾಗಿ ಒಳಸರಿದರೆ, ಹುಳಿ ವಾಸನೆ ಬಂದರೆ, ಬೇರು ಕೊಳೆತಿದೆ ಎಂದರ್ಥ. ಎರಡರಲ್ಲೂ ಎಲೆ ಒಂದೇ ಥರ ಜೋತು ಮುದುಡುತ್ತದೆ, ಏಕೆಂದರೆ ಕೊಳೆತ ಬೇರೂ ನೀರೇರಿಸಲಾರದು. ಎಲೆಯನ್ನಷ್ಟೇ ನೋಡಿದವರು ಇಲ್ಲಿ ತಪ್ಪುತ್ತಾರೆ. ಕೊಳೆತಿದ್ದರೆ ಗಿಡವನ್ನು ಕಿತ್ತು, ಕಂದು ಬಣ್ಣದ ಭಾಗವನ್ನು ಬಿಳಿ ತಿರುಳು ಕಾಣುವತನಕ ಶುದ್ಧ ಚಾಕುವಿನಿಂದ ಕತ್ತರಿಸಿ, ನೆರಳಿನಲ್ಲಿ ಗಾಯ ಒಣಗಲು ಕೆಲವು ದಿನ ಬಿಟ್ಟು, ದಪ್ಪ ಮರಳು ಧಾರಾಳವಾಗಿ ಬೆರೆಸಿದ ಮಣ್ಣಿನಲ್ಲಿ ಮತ್ತೆ ನೆಡಬೇಕು. ಬುಡದ ಸುತ್ತಲೂ ಕೊಳೆ ಹಬ್ಬಿದ್ದರೆ ಬದುಕುವ ಸಾಧ್ಯತೆ ಕಡಿಮೆ.

ಕಾಂಡ ಗಟ್ಟಿ, ಮಣ್ಣು ಹದ, ಕಾಲವೂ ಚಿಗುರಿನದೇ. ಆದರೂ ಎಲೆ ಮುದುಡುತ್ತಿದೆ ಎಂದಾದರೆ ಆಗ ಕೀಟ ಹುಡುಕಬೇಕು. ಸವಣೂರಿಗೆ ಹತ್ತಿರದ ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬೆಳೆಗಾರರಿಗೆ ಮುಟುರು ರೋಗ ಗೊತ್ತು: ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಮುಖವಾದರೆ ಮೈಟ್ ನುಸಿ ಎಂಬುದು ಅಲ್ಲಿನ ಅನುಭವದ ಸೂತ್ರ. ಮೆಣಸಿನ ಗಿಡಕ್ಕೆ ಅದು ಸರಿ. ಬಾವೊಬಾಬ್‌ಗೆ ಅದನ್ನೇ ಯಥಾವತ್ತಾಗಿ ಹೊಂದಿಸಬಾರದು. ನೀರಿನ ಕೊರತೆಯೂ ಬಿಸಿಗಾಳಿಯೂ ಇದರ ಕಿರುಎಲೆಗಳನ್ನು ಅತ್ತ ಇತ್ತ ಮಡಚುತ್ತವೆ. ದಿಕ್ಕಿಗಿಂತ ಎಲೆಯ ಅಡಿಭಾಗವೇ ನಂಬಲರ್ಹ ಸಾಕ್ಷಿ.

ಬಿಳಿ ಹಾಳೆಯೊಂದನ್ನು ಎಲೆಯಡಿ ಹಿಡಿದು ರೆಂಬೆಯನ್ನು ತಟ್ಟಿ, ಒಂದು ನಿಮಿಷ ಕಾಯಿರಿ. ಉದುರಿದ ಧೂಳಿನಲ್ಲಿ ಕೆಲವು ಕಣಗಳು ನಡೆಯತೊಡಗಿದರೆ ಅವು ಮೈಟ್‌ಗಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಎಂಟು ಕಾಲು ಕಾಣುತ್ತವೆ. ಎಲೆಯ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆಗಳು, ಕಿರುಎಲೆಗಳು ಕೂಡುವ ತೊಟ್ಟಿನ ಬಳಿ ನವಿರಾದ ಬಲೆ ಇದ್ದರೆ ಅನುಮಾನವೇ ಬೇಡ. ಒಣಹವೆಯಲ್ಲಿ, ಬಾಲ್ಕನಿಯ ಬಿಸಿಯಲ್ಲಿ ಇವು ಬೇಗ ಹೆಚ್ಚುತ್ತವೆ. ಮೊದಲ ಔಷಧಿ ನೀರು, ಆದರೆ ಬೇರಿಗಲ್ಲ: ಎಲೆಯಡಿಗೆ ರಭಸವಾಗಿ ಪಿಚಕಾರಿ ಹೊಡೆಯಬೇಕು. ಜಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ತುಸು ಸೋಪು; ಬಿಸಿಲು ಇಳಿದ ಮೇಲೆ, ವಾರಕ್ಕೊಮ್ಮೆ. ಅಂಗಡಿಯವರು ಕೊಡುವ ಇಮಿಡಾಕ್ಲೋಪ್ರಿಡ್ ಮೈಟ್‌ಗಳನ್ನು ಕೊಲ್ಲುವುದಿಲ್ಲ. ಅವುಗಳ ಸಂಖ್ಯೆ ಹೆಚ್ಚಿಸುವುದೂ ಉಂಟು.

ತುದಿ ಚಿಗುರು ಮಾತ್ರ ಗಂಟುಗಟ್ಟಿ, ಎಲೆ ದಪ್ಪವಾಗಿ ಸುರುಟಿದ್ದರೆ ಹಿಟ್ಟು ತಿಗಣೆಯನ್ನು ಶಂಕಿಸಬೇಕು. ಹಿಪ್ಪುನೇರಳೆಗೆ ತುಕ್ರ ಎಂಬ ಎಲೆ ಸುರುಟು ರೋಗ ತರುವುದು, ದಾಸವಾಳದ ತುದಿ ಸುರುಟಿಸುವುದು ಗುಲಾಬಿ ಹಿಟ್ಟು ತಿಗಣೆ; ರೇಷ್ಮೆ ಬೆಳೆಗಾರರಿಗೆ ಈ ನೋಟ ಚಿರಪರಿಚಿತ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಸಸ್ಯಹೇನೋ ಹಿಟ್ಟು ತಿಗಣೆಯೋ ಮೇಲಿದೆ ಎಂದೇ ಲೆಕ್ಕ. ಸುರುಟಿದ ತುದಿಯನ್ನು ಕತ್ತರಿಸಿ ಸುಡುವುದು ಸಿಂಪಡಣೆಗಿಂತ ಮೇಲು, ಏಕೆಂದರೆ ಮಡಿಕೆಯೊಳಕ್ಕೆ ದ್ರಾವಣ ಇಳಿಯದು.

ಹೊಲದ ಅಂಚಿನ ಗಿಡವಾದರೆ ಪಕ್ಕದವರು ಈಚೆಗೆ 2,4-ಡಿ ಕಳೆನಾಶಕ ಹೊಡೆದಿದ್ದಾರೆಯೇ ಎಂದು ಕೇಳಬೇಕು. ಗಾಳಿಯಲ್ಲಿ ತೇಲಿಬಂದ ಹನಿಗೇ ಹತ್ತಿಯ ಎಲೆ ವಿಕಾರವಾಗುತ್ತದೆ. ಅದೇ ಕುಟುಂಬದ ಈ ಗಿಡದಲ್ಲೂ ಅದನ್ನು ಶಂಕಿಸಲು ಕಾರಣವಿದೆ. ವೈರಸ್ಸಿನ ಮಾತೂ ಬರುತ್ತದೆ. ಘಾನಾದಲ್ಲಿ 1936ರಲ್ಲಿ ಮೊದಲು ಗುರುತಿಸಲಾದ ಕೋಕೋ ಗಿಡದ ಊದುಕಾಂಡ ರೋಗದ ವೈರಸ್ಸಿಗೆ ಬಾವೊಬಾಬ್ ಕೂಡ ಆಶ್ರಯ ಮರ, ಹರಡುವುದು ಹಿಟ್ಟು ತಿಗಣೆಯೇ. ಅದು ಪಶ್ಚಿಮ ಆಫ್ರಿಕಾದ ಸಮಸ್ಯೆ. ನಮ್ಮ ಕುಂಡದ ಗಿಡಕ್ಕೆ ಆ ಹೆಸರು ಹಚ್ಚುವ ಅಗತ್ಯವಿಲ್ಲ.

ಇನ್ನೊಂದು ಎಚ್ಚರ. ಸೆನೆಗಲ್, ಮಾಲಿ, ಉತ್ತರ ನೈಜೀರಿಯಾಗಳಲ್ಲಿ ಬಾವೊಬಾಬ್ ಎಲೆ ನಿತ್ಯದ ಸೊಪ್ಪು. ಒಣಗಿಸಿ ಪುಡಿಮಾಡಿ ಸಾರಿಗೆ ಹಾಕುತ್ತಾರೆ. ಎಲೆ ತಿನ್ನುವ ಉದ್ದೇಶವಿದ್ದರೆ ಅಂತರ್ವ್ಯಾಪಿ ಕೀಟನಾಶಕದ ಯೋಚನೆಯೇ ಬೇಡ.

ಸವಣೂರು, ವಿಜಯಪುರದಂಥ ಕಡೆಯ ಹಳೆಯ ಮರಗಳಿಗೆ ಈ ಮನೆಮದ್ದುಗಳು ಯಾವುವೂ ಅನ್ವಯಿಸುವುದಿಲ್ಲ. ಬುಡಕ್ಕೆ ಗೊಬ್ಬರ ಸುರಿಯಬೇಡಿ, ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಬೇಡಿ. ಚಿಗುರಿದ, ಎಲೆ ಉದುರಿದ ತಾರೀಖು ಮತ್ತು ಎದೆಮಟ್ಟದ ಸುತ್ತಳತೆಯನ್ನು ವರ್ಷವರ್ಷವೂ ಬರೆದಿಡಿ. ಮಳೆಗಾಲದಲ್ಲೇ ಒಂದು ಕೊಂಬೆಯ ಎಲೆಗಳಷ್ಟೇ ಮುದುಡಿದರೆ ಆ ದಾಖಲೆಯೊಂದಿಗೆ ಅರಣ್ಯ ಇಲಾಖೆಗೂ ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗಕ್ಕೂ ತಿಳಿಸಿ.