ಬೀಜದ ಕುದುರೆಗಳ ಫಲವತ್ತತೆ ಮತ್ತು ಋತುಮಾನ

ಗಂಡು ಕುದುರೆಯ ಸಂತಾನಶಕ್ತಿ ವರ್ಷವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಹಗಲು ಉದ್ದವಾಗುವ ವಸಂತ ಮತ್ತು ಬೇಸಿಗೆಯಲ್ಲಿ ಅದು ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಆದರೆ ಎಂದೂ ಪೂರ್ತಿ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಬೆದೆಗೆ ಬರುವುದನ್ನೇ ಸಾಮಾನ್ಯವಾಗಿ ನಿಲ್ಲಿಸುವ ಹೆಣ್ಣು ಕುದುರೆಗೂ ಗಂಡಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಈ ಏರಿಳಿತಕ್ಕೆ ಮೂಲ ಕಾರಣ ಚಳಿಯಲ್ಲ, ಬೆಳಕು. ರಾತ್ರಿ ದೀರ್ಘವಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಅನ್ನು ಹೆಚ್ಚು ಹೊತ್ತು ಸ್ರವಿಸುತ್ತದೆ. ಇದರಿಂದ ಸಂತಾನೋತ್ಪತ್ತಿಯ ಹಾರ್ಮೋನುಗಳು ಕುಗ್ಗುತ್ತವೆ. ಟೆಸ್ಟೋಸ್ಟಿರಾನ್ ಇಳಿದಂತೆ ವೃಷಣಗಳ ಗಾತ್ರ, ವೀರ್ಯದ ಪ್ರಮಾಣ, ಕೂಡುವ ಆಸಕ್ತಿ ಎಲ್ಲವೂ ತಗ್ಗುತ್ತವೆ. ಸಮಶೀತೋಷ್ಣ ದೇಶಗಳಲ್ಲಿ ಚಳಿಗಾಲದ ವೀರ್ಯಾಣು ಸಂಖ್ಯೆ ಬೇಸಿಗೆಯ ಸುಮಾರು ಅರ್ಧಕ್ಕೆ ಇಳಿಯಬಹುದು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನ ಬೇಕು. ಹಾಗಾಗಿ ಜ್ವರ ಅಥವಾ ಕಡು ಬಿಸಿಲಿನ ಹಾನಿ ವಾರಗಳ ನಂತರವೂ ವೀರ್ಯದಲ್ಲಿ ಕಾಣಿಸಿಕೊಳ್ಳುತ್ತದೆ. ಕುದುರೆ ಚೇತರಿಸಿಕೊಂಡಂತೆ ಕಂಡ ಮಾತ್ರಕ್ಕೆ ಅದನ್ನು ಕೂಡಿಕೆಗೆ ಬಿಡುವುದು ದುಡುಕು.

ಹಗಲಿನ ಈ ಏರಿಳಿತ ಎಲ್ಲ ಕಡೆ ಒಂದೇ ಸಮನಲ್ಲ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ, ಟಿಪ್ಪು ಸುಲ್ತಾನನ ಕಾಲದ ಪರಂಪರೆಯ ಕುಣಿಗಲ್ ಕುದುರೆ ಫಾರಂ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ಅಂತರ ಒಂದೂವರೆ ಗಂಟೆಯಷ್ಟೇ; ಲಂಡನ್ನಿನಲ್ಲಿ ಎಂಟು ಗಂಟೆಗೂ ಹೆಚ್ಚು. ಬೆಳಕಿನ ಏರಿಳಿತ ಸಣ್ಣದಾದ ಇಂಥ ಕಡೆ ಮೇವಿನ ಗುಣಮಟ್ಟಕ್ಕೂ ಬೇಸಿಗೆಯ ಶಾಖಕ್ಕೂ ವಿಶೇಷ ಗಮನ ಸಲ್ಲಬೇಕು.

ರೇಸಿನ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯ ಮರಿಗಳಿಗೆ ನೋಂದಣಿ ಇಲ್ಲ, ಹಾಗಾಗಿ ಗಂಡು ನೇರವಾಗಿ ಕೂಡಲೇಬೇಕು. ಉತ್ತರಾರ್ಧಗೋಳದಲ್ಲಿ ಈ ತಳಿಯ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುತ್ತಾರೆ, ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಆದ್ದರಿಂದ ಮರಿ ವರ್ಷದ ಆರಂಭದಲ್ಲೇ ಹುಟ್ಟಲೆಂದು, ಗಂಡಿನ ಶಕ್ತಿ ಇನ್ನೂ ಏರುತ್ತಿರುವ ಫೆಬ್ರವರಿಯಲ್ಲೇ ಕೂಡಿಕೆ ಶುರುವಾಗುತ್ತದೆ. ಡಿಸೆಂಬರಿನಿಂದ ದಿನಕ್ಕೆ 16 ಗಂಟೆ ಬೆಳಕು ಕೊಟ್ಟರೆ ಆ ಏರಿಕೆ ಬೇಗ ಬರುತ್ತದೆ, ಇಳಿಕೆಯೂ ಅಷ್ಟೇ ಬೇಗ ಆರಂಭವಾಗುತ್ತದೆ.