ಯುದ್ಧ, ವಿಮೆ ಮತ್ತು ಅಂಗಡಿಯ ಲೆಕ್ಕಪುಸ್ತಕ

ಉಪ್ಪಳ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಹಳೆ ವಿದ್ಯಾರ್ಥಿಯೊಬ್ಬ ಒಂದು ಸಂಜೆ ವಾಚನಾಲಯಕ್ಕೆ ಬಂದು ಕಾಗದದ ಕಟ್ಟೊಂದನ್ನು ಮೇಜಿನ ಮೇಲಿಟ್ಟ. ಅಂಗಡಿಯ ಕಂಪ್ಯೂಟರಿಗೆ ಕಳ್ಳರು ಹೊಕ್ಕರೆ ನಷ್ಟ ತುಂಬಿಕೊಡುವ ಸೈಬರ್ ವಿಮೆಯ ಪಾಲಿಸಿ ಅದು. ಅದರಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದ. ಯುದ್ಧದಿಂದ ಆದ ನಷ್ಟಕ್ಕೂ, ಬೇರೊಂದು ದೇಶದ ಸರಕಾರ ಮಾಡಿಸಿದ ದಾಳಿಗೂ ಪರಿಹಾರ ಇಲ್ಲ ಎಂಬುದು ಆ ಸಾಲಿನ ಅರ್ಥ. "ಮಾಷ್ಟ್ರೇ, ಮೊಳೆ, ಪೈಂಟು ಮಾರುವ ನನಗೂ ಯುದ್ಧಕ್ಕೂ ಎಂತ ಸಂಬಂಧ?" ಎಂದು ಕೇಳಿದ.

ನಾನು ಚರಿತ್ರೆ ಕಲಿಸಿದವ, ವಿಮೆ ತಿಳಿದವನಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲೇ ಉಂಟು.

1914ರಲ್ಲಿ ನಮ್ಮೂರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ವರ್ಷ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚಿತು. ಆಮೇಲೆ ಅರಬ್ಬೀ ಸಮುದ್ರಕ್ಕೆ ಬಂದು ಮಿನಿಕಾಯ್ ದ್ವೀಪದ ಆಸುಪಾಸಿನಲ್ಲಿ ಒಂದಾದ ಮೇಲೊಂದು ವ್ಯಾಪಾರಿ ಹಡಗನ್ನು ಹಿಡಿಯಿತು, ಮುಳುಗಿಸಿತು. ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಅದೇ ನಾಶವಾಯಿತು. ನಮ್ಮ ಕಡೆ ಮಲೆಯಾಳದಲ್ಲಿ ಭಾರೀ ದೊಡ್ಡದಕ್ಕೆ 'ಯಮಂಡನ್' ಅನ್ನುತ್ತಾರಲ್ಲ, ಅದು ಈ ಹಡಗಿನ ಹೆಸರಿನಿಂದಲೇ ಬಂದದ್ದೆಂದು ಹೇಳುವವರಿದ್ದಾರೆ.

ಇದರಲ್ಲಿ ಗಮನಿಸಬೇಕಾದ ಸಂಗತಿ ಎರಡು. ಎಮ್ಡೆನ್‌ಗೆ ಇದ್ದದ್ದು ಮೂರು ಹೊಗೆಕೊಳವೆ. ಬ್ರಿಟಿಷ್ ಹಡಗಿನಂತೆ ಕಾಣಲಿ ಎಂದು ಸುಳ್ಳು ನಾಲ್ಕನೆಯದನ್ನು ಕಟ್ಟಿಕೊಂಡಿತ್ತು. ವೈರಿ ವೇಷ ಹಾಕಿಕೊಂಡು ಬರುವುದು ಕಂಪ್ಯೂಟರ್ ಕಾಲದಲ್ಲಿ ಶುರುವಾದದ್ದಲ್ಲ. ಎರಡನೆಯದು, ಅಂಥ ನಷ್ಟವನ್ನು ಹೊರುವುದು ಖಾಸಗಿ ವಿಮೆಯವರಿಂದ ಆಗುವ ಕೆಲಸವಲ್ಲ ಎಂದು ಬ್ರಿಟಿಷ್ ಸರಕಾರ ಯುದ್ಧದ ಆರಂಭದಲ್ಲೇ ಒಪ್ಪಿಕೊಂಡಿತ್ತು. ಹಡಗುಗಳ ಯುದ್ಧನಷ್ಟದಲ್ಲಿ ಶೇಕಡಾ 80ನ್ನು ತಾನೇ ಹೊತ್ತುಕೊಂಡಿತು.

ಮಂಗಳೂರಿನಲ್ಲಿ ಅದೇ ಯುದ್ಧದ ಪೆಟ್ಟು ಬೇರೆ ತರದಲ್ಲಿ ಬಿತ್ತು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಿತ್ತು. ಅದು ಸ್ವಿಸ್ ಸಂಸ್ಥೆಯಾದರೂ ಕೆಲಸಗಾರರಲ್ಲಿ ಜರ್ಮನರು ಬಹಳ ಮಂದಿ. ಅವರನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಸರಕಾರದ ಕೈಸೇರಿದವು, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಹೋದವು. ಹಂಚು ಸುಟ್ಟವರು ಯುದ್ಧ ಮಾಡಿರಲಿಲ್ಲ. ಆದರೂ ಯುದ್ಧ ಅವರ ಬಾಗಿಲಿಗೆ ಬಂತು.

ಎರಡನೇ ಮಹಾಯುದ್ಧದಲ್ಲಿ, 1942ರ ಏಪ್ರಿಲ್ 6ರಂದು, ಜಪಾನಿನ ಬಾಂಬು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಿತ್ತು. ಭಾರತ ಸರಕಾರ 1940ರಲ್ಲಿ ಸರಕುಗಳಿಗೆ, 1942ರಲ್ಲಿ ಕಾರ್ಖಾನೆಗಳಿಗೆ ಯುದ್ಧವಿಮೆಯ ಸುಗ್ರೀವಾಜ್ಞೆ ತಂದಿತ್ತು. ಚೀನಾ ಯುದ್ಧದ 1962ರಲ್ಲೂ, ಬಾಂಗ್ಲಾ ಯುದ್ಧದ 1971ರಲ್ಲೂ ಪಾರ್ಲಿಮೆಂಟು ಇಂಥದೇ ಕಾನೂನು ಮಾಡಿತು. ಕಾರಣ ಸರಳ. ಒಂದು ಅಂಗಡಿಗೆ ಬೆಂಕಿ ಬಿದ್ದರೆ ಉಳಿದ ಸಾವಿರ ಅಂಗಡಿಯವರ ಕಂತಿನಿಂದ ತುಂಬಿಕೊಡಬಹುದು. ಸಾವಿರ ಅಂಗಡಿಗೂ ಒಂದೇ ದಿನ ಬೆಂಕಿ ಬಿದ್ದರೆ ಕಂತು ಕಟ್ಟುವವರೇ ಉಳಿಯುವುದಿಲ್ಲ.

ಇನ್ನು 1990. ಆಗಸ್ಟ್ 2ರಂದು ಇರಾಕ್ ಕುವೈತನ್ನು ಹಿಡಿಯಿತು. ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಊರಿಗೆ ತಂದರು. ಉಪ್ಪಳ ಸ್ಟೇಶನ್ನಿನಲ್ಲಿ ಇಳಿದವರಲ್ಲಿ ನನ್ನ ನೆರೆಮನೆಯವರೂ ಒಬ್ಬರು. ಅಲ್ಲಿ ಪಾಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಕೈಯಲ್ಲಿದ್ದದ್ದು ಒಂದೇ ಚೀಲ, ಅದರೊಳಗೆ ಎರಡು ಲೆಕ್ಕಪುಸ್ತಕ, ಒಂದು ಕಂತೆ ರಶೀದಿ. "ಚಿನ್ನ ಬಿಟ್ಟು ರದ್ದಿ ಹೊತ್ತು ತಂದರು" ಎಂದು ಮನೆಯಲ್ಲಿ ಬೈದದ್ದು ನನಗೂ ಕೇಳಿತ್ತು. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿ, ಇರಾಕಿನ ತೈಲದ ಆದಾಯದ ಒಂದು ಪಾಲನ್ನು ನಷ್ಟವಾದವರಿಗೆ ಹಂಚಿತು. ಊರು ಬಿಟ್ಟು ಬಂದವರಿಗೆ ನಿಗದಿ ಮೊತ್ತ ಸಿಕ್ಕಿತು. ಅದಕ್ಕೂ ಹೆಚ್ಚಿನ ನಷ್ಟಕ್ಕೆ ಆಧಾರ ಬೇಕಿತ್ತು. ವರ್ಷಗಟ್ಟಲೆ ಕಾದ ಮೇಲೆ ಆ ರದ್ದಿಯೇ ಅವರನ್ನು ಎತ್ತಿತು. ಪಾಲಿಸಿ ಹಿಡಿದು ಬಂದ ಹುಡುಗ ಅವರ ಮಗ.

ಈಗ ಅವನ ಕಾಲದ ಯುದ್ಧಕ್ಕೆ ಬರೋಣ. 2017ರ ಜೂನ್ 27ರಂದು ಉಕ್ರೇನಿನಲ್ಲಿ ತೆರಿಗೆ ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್ ಮೂಲಕ ನಾಟ್‌ಪೆಟ್ಯಾ ಎಂಬ ವೈರಸ್ ಹರಡಿತು. ಅದನ್ನು ಬಿಟ್ಟದ್ದು ರಷ್ಯಾದ ಸೇನೆ ಎಂದು ಅಮೆರಿಕ, ಬ್ರಿಟನ್ ಮುಂದಿನ ವರ್ಷ ಹೇಳಿದವು, ರಷ್ಯಾ ಒಪ್ಪಲಿಲ್ಲ. ಗುರಿ ಉಕ್ರೇನ್ ಆದರೂ ಪೆಟ್ಟು ಡೆನ್ಮಾರ್ಕಿನ ಮೆರ್ಸ್ಕ್ ಹಡಗು ಕಂಪೆನಿಗೆ ಬಿತ್ತು, ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೆಲಸವೂ ನಿಂತಿತು. ಮೆರ್ಸ್ಕ್ 45,000 ಕಂಪ್ಯೂಟರುಗಳನ್ನು ಹೊಸದಾಗಿ ಸಿದ್ಧ ಮಾಡಬೇಕಾಯಿತು. ಅವರ ಜಾಲದ ಮೂಲ ಮಾಹಿತಿ ಉಳಿದದ್ದು ಆಫ್ರಿಕಾದ ಘಾನಾದಲ್ಲಿ ಮಾತ್ರ. ಯಾಕೆಂದರೆ ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಕರೆಂಟು ಹೋದದ್ದಕ್ಕೆ ಬೈಯುವ ನಾವು ಇದನ್ನು ನೆನಪಿಡಬೇಕು.

ಅಮೆರಿಕದ ಮರ್ಕ್ ಔಷಧ ಕಂಪೆನಿ ಸುಮಾರು 140 ಕೋಟಿ ಡಾಲರ್ ನಷ್ಟ ಕೇಳಿತು. ಇದು ಯುದ್ಧಕೃತ್ಯ, ಕೊಡುವುದಿಲ್ಲ ಎಂದರು ವಿಮೆಯವರು. ಆ ಹಳೆ ಷರತ್ತು ಸೈನ್ಯ, ಬಂದೂಕಿನ ಯುದ್ಧಕ್ಕೆ ಬರೆದದ್ದು, ಇದಕ್ಕೆ ಅನ್ವಯಿಸದು ಎಂದು ನ್ಯೂಜೆರ್ಸಿಯ ಮೇಲ್ಮನವಿ ಕೋರ್ಟು ಕೂಡ 2023ರಲ್ಲಿ ಹೇಳಿತು. ಮುಂದಿನ ಜನವರಿಯಲ್ಲಿ ರಾಜಿಯಾಯಿತು. ವಿಮೆಯವರೂ ಪಾಠ ಕಲಿತರು. ಲಂಡನ್ನಿನ ಲಾಯ್ಡ್ಸ್ 2023ರ ಮಾರ್ಚ್ 31ರಿಂದ ಸೈಬರ್ ಪಾಲಿಸಿಗಳಲ್ಲಿ ಸರಕಾರಗಳ ಬೆಂಬಲದ ದೊಡ್ಡ ದಾಳಿಗಳನ್ನು ಸ್ಪಷ್ಟ ಮಾತಿನಲ್ಲಿ ಹೊರಗಿಡಲು ನಿಯಮ ಮಾಡಿತು. ನಮ್ಮ ಹುಡುಗ ಗೆರೆ ಎಳೆದದ್ದು ಅದೇ ಧಾಟಿಯ ಸಾಲಿನ ಕೆಳಗೆ.

"ಹಾಗಾದರೆ ವಿಮೆ ಮಾಡುವುದೇ ಬೇಡವೋ?" ಎಂದ. ಬೇಡ ಎಂದು ನಾನು ಹೇಳಲಿಲ್ಲ. ದಿನನಿತ್ಯದ ಕಳ್ಳರಿಗೆ ಅದು ಬೇಕು. ಆದರೆ ದಾಳಿ ಒಂದು ಸರಕಾರದ್ದು ಎಂದು ಯಾರು, ಯಾವ ಆಧಾರದಿಂದ ತೀರ್ಮಾನಿಸುತ್ತಾರೆ ಎಂಬುದನ್ನು ಕಂಪೆನಿಯಿಂದ ಬರಹದಲ್ಲಿ ಪಡೆ ಎಂದೆ. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡು. ದಾಳಿಯಾದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಆದೇಶ ಉಂಟು. ಎಲ್ಲಕ್ಕಿಂತ ಮೊದಲು ಲೆಕ್ಕದ ಒಂದು ಪ್ರತಿ ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ತಾಗದ ಹಾಗೆ ಮನೆಯಲ್ಲಿ ಇಡು. ಅರ್ಧ ಊರಿನ ಉದ್ರಿ ನಿನ್ನ ಆ ಪೆಟ್ಟಿಗೆಯಲ್ಲಿ ಉಂಟಲ್ಲ. ಅದು ಅಳಿಸಿಹೋದರೆ ಕೊಡಬೇಕಾದವನಿಗೂ ಜಗಳ, ಕೊಟ್ಟವನಿಗೂ ಜಗಳ.

ಯುದ್ಧಕಾಲದ ಸೈಬರ್ ನಷ್ಟಕ್ಕೆ 1942ರ ಹಾಗೆ, 1971ರ ಹಾಗೆ ಸರಕಾರ ಹೆಗಲು ಕೊಡಬೇಕು ಎಂದು ನಾವು ಕೇಳಬೇಕಾದ ಕಾಲ ಬಂದಿದೆ ಎಂದು ನನಗೆ ತೋರುತ್ತದೆ. ಅದು ಆಗುವ ವರೆಗೆ ಪ್ರತಿ ಶನಿವಾರ ಅಂಗಡಿ ಮುಚ್ಚಿದ ಮೇಲೆ ಹುಡುಗ ಲೆಕ್ಕದ ಪ್ರತಿ ತೆಗೆದು ಮನೆಗೆ ಒಯ್ಯುತ್ತಾನೆ. ಅದನ್ನು ಇಡುವುದು ಅಪ್ಪನ ಆ ಎರಡು ಪುಸ್ತಕ ಇರುವ ಕಪಾಟಿನಲ್ಲೇ.