ಇಮ್ಮಡಿ, ದುಗ್ನಾ, ಟೂಫೋಲ್ಡ್



ನಮ್ಮ ಹೊಸದುರ್ಗ, ಹಿರಿಯೂರು ಸೀಮೆಯವರಿಗೆ ವಾಣಿವಿಲಾಸ ಸಾಗರ ಹೊಸದಲ್ಲ. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿನ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮುಗಿದಾಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಈ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, "ಸರ್, ನಾಲ್ವಡಿ ಅಂದ್ರೆ ಯಾವ ಊರು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಅರ್ಥ ಹೇಳಿ ಎಂದಾಗ ನಕ್ಕವರೆಲ್ಲರೂ ತಲೆ ತಗ್ಗಿಸಿದರು!

ಮಡಿ ಎಂದರೆ ಮಡಿಕೆ. ಬಟ್ಟೆಯನ್ನು ಒಮ್ಮೆ ಮಡಿಸಿದರೆ ಎರಡು ಪದರವಾಗುತ್ತದೆ. ಎರಡು ಮಡಿ ಸೇರಿ ಇಮ್ಮಡಿ, ಮೂರು ಮಡಿ ಮುಮ್ಮಡಿ, ನಾಲ್ಕು ಮಡಿ ನಾಲ್ವಡಿ. ಕನ್ನಡಿಗರು ಇದೇ ಪದಗಳನ್ನು ಒಂದೇ ಹೆಸರಿನ ಅರಸರನ್ನು ಗುರುತಿಸಲೂ ಬಳಸಿದರು. ಬಾದಾಮಿಯ ಇಮ್ಮಡಿ ಪುಲಿಕೇಶಿ ಎಂದರೆ ಎರಡನೆಯ ಪುಲಿಕೇಶಿ. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಮೂರನೆಯವರು.

ಇಂಗ್ಲಿಷಿನ ಟೂಫೋಲ್ಡ್ ಪದವನ್ನು ಬಿಡಿಸಿ ನೋಡಿ. ಟೂ ಎಂದರೆ ಎರಡು, ಫೋಲ್ಡ್ ಎಂದರೆ ಮಡಿಕೆ. ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷಿನಲ್ಲಿಯೇ ಈ ಪದವಿತ್ತು. ಡಬಲ್ ಪದವಾದರೋ ಲ್ಯಾಟಿನ್ನಿನ ಡುಪ್ಲುಸ್ ಎಂಬುದರಿಂದ ಫ್ರೆಂಚ್ ಭಾಷೆಯ ಮೂಲಕ ಬಂದದ್ದು. ಅದರೊಳಗೂ ಮಡಿಕೆಯ ಅರ್ಥವೇ ಅಡಗಿದೆ. ನಮ್ಮ ಮನೆಯಲ್ಲಿ ಆಡುವ ಉರ್ದುವಿನ ದುಗ್ನಾ ಸಂಸ್ಕೃತದ ದ್ವಿಗುಣದಿಂದ ಬಂದಿದೆ. ಗುಣ ಪದಕ್ಕೆ ನೂಲಿನ ಎಳೆ ಎಂಬ ಅರ್ಥವೂ ಉಂಟು. ಬಟ್ಟೆ ಮಡಿಸಿದವರೂ ನೂಲು ಹೊಸೆದವರೂ ಲೆಕ್ಕವನ್ನು ಕಲಿತದ್ದು ಕೈಕೆಲಸದಿಂದಲೇ.

ಆದರೆ ಎರಡು ಕಡೆ ಎಚ್ಚರಿಕೆ ಬೇಕು. ಇಂಗ್ಲಿಷಿನಲ್ಲಿ ಟೂಫೋಲ್ಡ್ ಎಂದರೆ ಎರಡು ಪಟ್ಟು ಅಥವಾ ಎರಡು ಬಗೆಯ ಎಂದರ್ಥ, ಎರಡನೆಯ ಎಂದಲ್ಲ. ಆದ್ದರಿಂದ ನಾಲ್ವಡಿಯವರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಫೋರ್‌ಫೋಲ್ಡ್ ಎನ್ನಬಾರದು, ದಿ ಫೋರ್ತ್ ಎನ್ನಬೇಕು. ಹಾಗೆಯೇ ನೂರು ರೂಪಾಯಿ ಇಮ್ಮಡಿಯಾದರೆ 200, ಮುಮ್ಮಡಿಯಾದರೆ 300. ಮೂಲದ ನೂರನ್ನು ಮತ್ತೊಮ್ಮೆ ಕೂಡಿಸಿ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಮನೆಯಲ್ಲಿ ಉರ್ದು, ಊರಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್ ಎಂದು ನಮ್ಮ ಮಕ್ಕಳು ಅಂಜುವುದುಂಟು. ಮೂರು ಭಾಷೆ ಹೊರೆಯಲ್ಲ. ಒಂದರ ಪದವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಅಂದು ಪ್ರಶ್ನೆ ಕೇಳಿದ ಹುಡುಗನಿಂದಲೇ ನಾವೆಲ್ಲ ಇಷ್ಟು ಕಲಿತೆವು. ಆದ್ದರಿಂದ ಕೇಳುವವರನ್ನು ನೋಡಿ ನಗಬೇಡಿ, ನೀವೂ ಕೇಳಿ.